ಕೊನೆಯ ಕೈ ಯಾರದು

ನಿಂಗಮ್ಮನ ಹೆಸರು ತರದೆ ಇದನ್ನು ಬರೆದು ಮುಗಿಸಬೇಕೆಂದು ಕೂತಿದ್ದೆ. ಎರಡು ಹಾಳೆ ಹರಿದು ಎಸೆದ ಮೇಲೆ ಅದು ಆಗುವ ಮಾತಲ್ಲ ಎಂದು ಗೊತ್ತಾಯಿತು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಈ ಬರಹದಲ್ಲಿ ಅವಳು ಬರುತ್ತಾಳೆ, ಬಂದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಅದನ್ನು ಮುಚ್ಚಿಟ್ಟು ದೊಡ್ಡ ಮನುಷ್ಯನ ಹಾಗೆ ಬರೆಯಲು ನನಗೆ ಬರುವುದಿಲ್ಲ.

ನಾನು ಶರಣಪ್ಪ. ಅಫಜಲಪುರದಲ್ಲಿ, ಗಾಣಗಾಪುರಕ್ಕೆ ಹೋಗುವ ರಸ್ತೆಯ ಮೇಲಿನ ವಾಶಿಂಗ್ ಸೆಂಟರಿನಲ್ಲಿ ಕಾರು ತೊಳೆದು, ಒರೆಸಿ, ಹೊಳಪು ಕೊಟ್ಟು ಮುದುಕನಾದವನು. ಮೊಣಕಾಲು ಮಾತು ಕೇಳದ ಹಾಗಾದ ಮೇಲೆ ಕೆಲಸ ಬಿಟ್ಟೆ. ಸೆಂಟರನ್ನು ಈಗ ನಮ್ಮ ಸಾಹುಕಾರರ ಮಗ ನೋಡಿಕೊಳ್ಳುತ್ತಾನೆ. ಹೊಸದಾಗಿ ಕೆಲಸಕ್ಕೆ ಬರುವವರಿಗೆ ಓದಲು ಏನಾದರೂ ಬರೆದುಕೊಡಿ ಎಂದು ಕೇಳಿದವನು ಅವನೇ. ಪಗಾರ ಯಾವಾಗ ಹೆಚ್ಚಾಯಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ನಿಮಗೆ ಬೇಡ. ಕೆಲಸದ ಮಾತಿಗೆ ಬರೋಣ.

ಕಾರು ಒಳಗೆ ಬಂದ ಮೇಲೆ ಅದರ ಮೇಲೆ ಹಲವರ ಕೈ ಬೀಳುತ್ತದೆ. ಒಬ್ಬ ಪೈಪು ಹಿಡಿದು ಮಣ್ಣು ಇಳಿಸುತ್ತಾನೆ, ಒಬ್ಬ ಶಾಂಪೂ ಹಚ್ಚುತ್ತಾನೆ, ಒಬ್ಬ ಒಳಗಿನ ಕಸ ತೆಗೆಯುತ್ತಾನೆ, ಇನ್ನೊಬ್ಬ ನೀರು ಒರೆಸುತ್ತಾನೆ. ಎಲ್ಲ ಮುಗಿದ ಮೇಲೆ ಪೇಂಟಿಗೆ ವ್ಯಾಕ್ಸ್ ಹಚ್ಚಿ ಹೊಳಪು ತರುವುದಕ್ಕೆ ನಮ್ಮಲ್ಲಿ ಕೊನೆಯ ಕೈ ಎನ್ನುತ್ತಿದ್ದರು. ಕೊನೆಯ ಕೈ ಹಾಕಿದವನೇ ಮಾಲೀಕರಿಗೆ ಕೀಲಿ ಕೊಡುವುದು. ಅವರು ಗಾಡಿ ಸುತ್ತು ಹಾಕಿ, "ಭಾರೀ ಆಗ್ಯದ ನೋಡ್ರಿ" ಎಂದರೆ ಆ ಮಾತು ಬೀಳುವುದು ಅವನ ಕಿವಿಗೆ. ಪೈಪು ಹಿಡಿದವನು ಮೂಲೆಯಲ್ಲಿ ಒದ್ದೆ ಪ್ಯಾಂಟು ಹಿಂಡುತ್ತ ನಿಂತಿರುತ್ತಾನೆ. ಬಹಳ ಕಾಲ ಕೊನೆಯ ಕೈ ನನ್ನದಾಗಿತ್ತು. ಅದು ನನ್ನದಾಗಿಯೇ ಉಳಿಯಲಿ ಎಂಬುದನ್ನು ಬಿಟ್ಟು ಈ ಕೆಲಸದಲ್ಲಿ ನಾನು ಬೇರೇನನ್ನೂ ಬಯಸಲಿಲ್ಲ.

ಕೆಲಸ ಕಲಿತದ್ದು ಆಳಂದದಲ್ಲಿ, ರಾಚಪ್ಪ ಮೇಸ್ತ್ರಿಯ ಗ್ಯಾರೇಜಿನಲ್ಲಿ. ಆಗ ವ್ಯಾಕ್ಸ್ ಎಂದರೆ ಚಪ್ಪಟೆ ಡಬ್ಬಿಯಲ್ಲಿ ಬರುವ ಗಟ್ಟಿ ವ್ಯಾಕ್ಸ್. ಬೆರಳಿಗೆ ಬಟ್ಟೆ ಸುತ್ತಿಕೊಂಡು ಸ್ವಲ್ಪವೇ ತೆಗೆದು ಸಣ್ಣ ಸಣ್ಣ ಸುತ್ತು ಹಾಕುತ್ತ ಹಚ್ಚಬೇಕು. ಅದು ಒಣಗಿ ಮಬ್ಬಾಗುವವರೆಗೆ ಕಾಯಬೇಕು. ಆಮೇಲೆ ತೋಳು ಬಿದ್ದುಹೋಗುವ ಹಾಗೆ ಉಜ್ಜಬೇಕು. ಒಂದು ಜೀಪು ಮುಗಿಯುವ ಹೊತ್ತಿಗೆ ಮಧ್ಯಾಹ್ನದ ರೊಟ್ಟಿ ತಣ್ಣಗಾಗಿ ಚಕ್ಕೆಯಾಗಿರುತ್ತಿತ್ತು. ನಾನು ಮೊದಲ ಸಲ ಉಜ್ಜಿದಾಗ ಮೇಸ್ತ್ರಿ ದೂರದಿಂದಲೇ ಕೂಗಿದ್ದ.

"ಏ ಶರಣ್ಯಾ, ಎಮ್ಮಿ ಮೈ ತಿಕ್ಕಾಕತ್ತೀ ಏನಲೇ? ಕೈ ಹಗುರ ಇಡು. ಪೇಂಟು ಕಾಗದಕ್ಕಿಂತ ತೆಳ್ಳಗ ಇರ್ತದ."

ಬೈಗುಳ ಬಹಳ ತಿಂದೆ. ಆದರೆ ಗಟ್ಟಿ ವ್ಯಾಕ್ಸಿನಲ್ಲಿ ನನ್ನನ್ನು ಮೀರಿಸುವವರು ಆಳಂದದಲ್ಲಾಗಲಿ ಜೇವರ್ಗಿಯಲ್ಲಾಗಲಿ ಇರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಯಾಕೆಂದರೆ ಹೇಳಬೇಕಾಗಿದ್ದ ಮೇಸ್ತ್ರಿ ತೀರಿಕೊಂಡ.

ಅಫಜಲಪುರಕ್ಕೆ ಬಂದು ಎಷ್ಟೋ ವರ್ಷಗಳ ಮೇಲೆ ಸಾಹುಕಾರರು ಕಲಬುರಗಿಯಿಂದ ಸ್ಪ್ರೇ ವ್ಯಾಕ್ಸಿನ ಬಾಟಲಿ ತಂದರು. ನೀರಿನಂಥ ವ್ಯಾಕ್ಸ್, ಗುಂಡಿ ಒತ್ತಿದರೆ ಮಂಜಿನ ಹಾಗೆ ಬೀಳುತ್ತಿತ್ತು. ನಾನು ನಕ್ಕೆ.

"ಇದೇನ್ರಿ ಸಾಹುಕಾರ್ರ, ಅತ್ತರ ತಂದೀರಿ? ಗಾಡಿ ಲಗ್ನಕ್ಕ ಹೊಂಟದೇನು?"

"ಜಲ್ದಿ ಆಗ್ತದಂತ ಶರಣಪ್ಪ. ಮಂದಿಗಿ ಈಗ ಕಾಯೂದಕ್ಕ ಪುರಸತ್ತಿಲ್ಲ. ಕಲತುಕೋ" ಎಂದರು.

ಕಲಿಯುವುದೇನಿದೆ ಇದರಲ್ಲಿ ಎಂದುಕೊಂಡೆ. ಯಡ್ರಾಮಿಯ ಡಾಕ್ಟರೊಬ್ಬರ ಕಡುಗೆಂಪು ಕಾರು ಬಂತು, ಬೇಸಿಗೆಯ ಉರಿಬಿಸಿಲು. ಗಟ್ಟಿ ವ್ಯಾಕ್ಸ್ ಹಚ್ಚುವಾಗ ಬಿಸಿಲಿಗೆ ಗಾಡಿ ನಿಲ್ಲಿಸಬಾರದೆಂದು ನನಗೆ ಗೊತ್ತಿತ್ತು. ಈ ಅತ್ತರಿಗೆ ಅಷ್ಟೆಲ್ಲ ಮರ್ಯಾದೆ ಯಾಕೆ ಎಂದು ಬಯಲಲ್ಲೇ ನಿಲ್ಲಿಸಿ ಬಾನೆಟ್ಟಿನ ತುಂಬ ಹೊಡೆದೆ. ಬಾನೆಟ್ಟು ಹೆಂಚಿನ ಹಾಗೆ ಕಾದಿತ್ತು. ನಾನು ಬಟ್ಟೆ ಮಡಚುವಷ್ಟರಲ್ಲಿ ವ್ಯಾಕ್ಸ್ ಒಣಗಿ, ಅಂಗಳಕ್ಕೆ ರಂಗೋಲಿ ಎಳೆದ ಹಾಗೆ ಬೆಳ್ಳಗೆ ಗೆರೆ ಗೆರೆ ಎದ್ದವು. ಒರೆಸಿದಷ್ಟೂ ಗೆರೆಗಳು ಹೆಚ್ಚಾದವು. ಸಾಲದ್ದಕ್ಕೆ ಮುಂದಿನ ಗಾಜಿನ ಮೇಲೂ ಬಿದ್ದಿತ್ತು. ವೈಪರ್ ಹಾಕಿದರೆ ಕಿರ್ ಕಿರ್ ಎಂದು ಅಳುತ್ತಿತ್ತು.

"ಶರಣಪ್ಪ, ನನ್ನ ಗಾಡಿಗಿ ಸುಣ್ಣ ಬಳದೀರೇನು?" ಎಂದರು ಡಾಕ್ಟರು. ಬೈದಿದ್ದರೆ ವಾಸಿಯಿತ್ತು.

ಗಾಡಿಯನ್ನು ನೆರಳಿಗೆ ತಂದು, ತಣ್ಣಗಾಗಲು ಬಿಟ್ಟು, ಮತ್ತೆ ತೊಳೆದು, ಒಂದೊಂದೇ ಭಾಗಕ್ಕೆ ಸ್ವಲ್ಪ ಸ್ವಲ್ಪ ಹಚ್ಚಿ ಒರೆಸಿದ ಮೇಲೆ ಸರಿಹೋಯಿತು. ಆ ಹೊತ್ತಿಗೆ ಡಾಕ್ಟರು ಹೊರಟಿದ್ದ ಮದುವೆಯ ಊಟ ತಪ್ಪಿತ್ತು. ನೀವು ಇಷ್ಟನ್ನು ನೆನಪಿಡಿ. ಪೇಂಟಿನ ಮೇಲೆ ಅಂಗೈ ಇಟ್ಟು ನೋಡಿ, ಬಿಸಿ ಎನಿಸಿದರೆ ಬಾಟಲಿ ಮುಟ್ಟಬೇಡಿ. ಧೂಳಿರುವಾಗ ಒರೆಸಬೇಡಿ. ಜೇವರ್ಗಿಯ ಕಡೆಯಿಂದ ಬರುವ ಗಾಡಿಗಳ ಎರೆಮಣ್ಣು ಒಣಗಿದ ಮೇಲೆ ಮರಳಿನ ಕಾಗದದಂತೆ ಗೀರುತ್ತದೆ, ಎರಡು ಸಲ ತೊಳೆಯಿರಿ. ಚಕ್ರದ ಬ್ರೇಕಿನ ತಟ್ಟೆಗೆ ವ್ಯಾಕ್ಸಿನ ಒಂದು ಹನಿಯೂ ಬೀಳಬಾರದು, ಅಲ್ಲಿ ಹೊಳಪು ಬಂದರೆ ಗಾಡಿ ನಿಲ್ಲುವುದಿಲ್ಲ. ಗೀರು ಬಿದ್ದ ಪೇಂಟನ್ನು ಸ್ಪ್ರೇ ವ್ಯಾಕ್ಸ್ ಹೊಸದು ಮಾಡುತ್ತದೆ ಎಂದು ಮಾಲೀಕರಿಗೆ ಸುಳ್ಳು ಹೇಳಬೇಡಿ. ಅದು ಇರುವ ಪೇಂಟನ್ನು ಬಿಸಿಲು, ನೀರು, ಹಕ್ಕಿಯ ಹಿಕ್ಕೆಯಿಂದ ಕೆಲವು ವಾರ ಕಾಯುತ್ತದೆ, ಅಷ್ಟೇ.

ಇನ್ನು ಅವಳ ಮಾತು.

ನಿಂಗಮ್ಮ ಮೊದಲು ದಾಲ್ ಮಿಲ್ಲಿನಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದವಳು. ಮಿಲ್ಲು ಮುಚ್ಚಿದ ಮೇಲೆ ನಮ್ಮ ಸೆಂಟರಿಗೆ ಬಂದಳು. ಸಾಹುಕಾರರು ಅವಳಿಗೆ ಕೊಟ್ಟದ್ದು ಒರೆಸುವ ಬಟ್ಟೆ ಒಗೆಯುವ ಕೆಲಸ. ನನಗೇನೂ ತಕರಾರಿರಲಿಲ್ಲ. ನನ್ನ ಬಟ್ಟೆಗಳು ಒಗೆದು ಸಿಕ್ಕರೆ ನನಗೆ ಒಳ್ಳೆಯದೇ.

ಅವಳು ಬಂದ ವಾರದಲ್ಲೇ ಶುರುವಾಯಿತು. ಚಕ್ರ ಒರೆಸುವ ಬಟ್ಟೆ ಬೇರೆ, ಗಾಡಿಯ ಮೈ ಒರೆಸುವ ಬಟ್ಟೆ ಬೇರೆ ಎಂದು ಎರಡು ಬುಟ್ಟಿ ಮಾಡಿದಳು. ಒಗೆದ ಬಟ್ಟೆಗಳನ್ನು ಮಡಿಲಲ್ಲಿ ಹಾಕಿಕೊಂಡು ಬೇಳೆಯಲ್ಲಿ ಕಲ್ಲು ಹುಡುಕುವ ಹಾಗೆ ಬೆರಳಾಡಿಸಿ, ಸಿಕ್ಕ ಮರಳಿನ ಕಣ ತೆಗೆಯುತ್ತಿದ್ದಳು. ನಾನು ಹಾಗೆ ಎಂದೂ ನೋಡಿರಲಿಲ್ಲ. ಒಂದು ದಿನ ನನ್ನ ಹಿಂದೆ ನಿಂತು ನೋಡುತ್ತಿದ್ದವಳು ಕೇಳಿದಳು.

"ಅಣ್ಣಾ, ಗಾಡಿ ಮ್ಯಾಲ ಯಾಕ ಹೊಡೀತೀರಿ? ಅರ್ಧ ಗಾಳಿಗೇ ಹೋಗಾಕತ್ತದ. ಬಟ್ಟಿ ಮ್ಯಾಲ ಹೊಡದು ಹಚ್ಚಿದ್ರ ಆಗಂಗಿಲ್ಲೇನ್ರಿ?"

"ನೀ ಬಟ್ಟಿ ಒಗಿ ತಂಗಿ" ಎಂದೆ.

ಅವಳು ಒಗೆಯಲು ಹೋದಳು. ಅವಳು ಆ ಕಡೆ ತಿರುಗಿದ ಮೇಲೆ ಬಟ್ಟೆಯ ಮೇಲೆ ಹೊಡೆದು ನೋಡಿದೆ. ಗಾಜಿಗೆ ಬೀಳಲಿಲ್ಲ, ಗೆರೆ ಬರಲಿಲ್ಲ, ಬಾಟಲಿ ಹೆಚ್ಚು ದಿನ ಬಂತು. ಅಂದಿನಿಂದ ಹಾಗೆಯೇ ಮಾಡಿದೆ, ಆದರೆ ಅವಳ ಎದುರಿಗೆ ಮಾತ್ರ ಗಾಡಿಯ ಮೇಲೇ ಹೊಡೆಯುತ್ತಿದ್ದೆ.

ಸಾಹುಕಾರರು ಇದನ್ನೆಲ್ಲ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಗಾಡಿ ಹೆಚ್ಚು ಬಂದ ದಿನ ಅವಳಿಗೂ ಒಂದು ಬಟ್ಟೆ ಕೊಟ್ಟು, "ನೀನೂ ಒಂದು ಕಾರಿಗಿ ಹಚ್ಚು ನೋಡೋಣ" ಎಂದರು. ಅವಳು ಹಚ್ಚಿದ್ದು ಕಪ್ಪು ಕಾರಿಗೆ. ಕಪ್ಪು ಬಣ್ಣ ಯಾರ ತಪ್ಪನ್ನೂ ಹೊಟ್ಟೆಗೆ ಹಾಕಿಕೊಳ್ಳುವುದಿಲ್ಲ. ಹಚ್ಚಿ, ಬಟ್ಟೆ ತಿರುವಿ, ಒಣ ಮಗ್ಗುಲಲ್ಲಿ ಒಂದು ಸಲ ಒರೆಸಿ ಬದಿಗೆ ನಿಂತಳು. ನಾನು ಬಗ್ಗಿ ನೋಡಿದೆ. ಬಾನೆಟ್ಟಿನಲ್ಲಿ ನನ್ನ ಮುಖ ಕಂಡಿತು, ಮೀಸೆಯ ಒಂದೊಂದು ಕೂದಲೂ ಕಂಡಿತು. ಎಷ್ಟು ಹುಡುಕಿದರೂ ಒಂದು ಗೆರೆ ಸಿಗಲಿಲ್ಲ. ಅಂದು ನನಗೆ ಊಟ ಸೇರಲಿಲ್ಲ.

ಆಮೇಲೆ ಮಾಲೀಕರು, "ಆ ಅಕ್ಕ ಅದಾಳೇನ್ರಿ?" ಎಂದು ಕೇಳತೊಡಗಿದರು. ಅವಳು ರಜೆ ಹಾಕಿದ ದಿನ ನನಗೆ ಹಬ್ಬ. ಆದರೆ ಅಂದು ಬಂದವರು, "ನಾಳಿ ಬರ್ತೇವ್ರಿ" ಎಂದು ಗಾಡಿ ತಿರುಗಿಸಿಕೊಂಡು ಹೋದರೆ ಹಬ್ಬ ಅಲ್ಲಿಗೇ ಮುಗಿಯುತ್ತಿತ್ತು. ಆದರೂ ಕೊನೆಯ ಕೈ ಇನ್ನೂ ನನ್ನದೇ ಇತ್ತು, ಅವಳದು ಗದ್ದಲವಿದ್ದ ದಿನದ ಕೆಲಸ ಮಾತ್ರ. ಅದನ್ನೂ ಅವಳು ತೆಗೆದುಕೊಂಡದ್ದು ಕುಂಕುಮದ ದಿನ.

ನಮ್ಮ ಕಡೆ ಹೊಸ ಕಾರು ಕೊಂಡವರು ಮೊದಲು ಓಡಿಸುವುದು ಗಾಣಗಾಪುರದ ಗುಡಿಗೆ. ಪೂಜಾರಿಗಳು ಕುಂಕುಮವನ್ನು ನೀರಲ್ಲಿ ಕಲಸಿ ಬಾನೆಟ್ಟಿನ ಮೇಲೆ ಸ್ವಸ್ತಿಕ ಬರೆಯುತ್ತಾರೆ, ಹೂವಿನ ಹಾರ ಹಾಕುತ್ತಾರೆ, ಚಕ್ರಕ್ಕೆ ನಿಂಬೆಹಣ್ಣು ಇಡುತ್ತಾರೆ. ನಿಂಬರ್ಗಾದ ಒಂದು ರೈತ ಕುಟುಂಬ ಬಿಳಿ ಕಾರು ಕೊಂಡು, ಪೂಜೆಗೆ ಹೋಗುವ ದಾರಿಯಲ್ಲಿ ನಮ್ಮಲ್ಲಿ ನಿಲ್ಲಿಸಿತು. ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಇದ್ದರು. ನಿಂಗಮ್ಮ ನೋಡುತ್ತಿದ್ದಳಲ್ಲ, ನಾನು ತೋರಿಸಿಬಿಡುತ್ತೇನೆ ಎಂದು ಒಂದರ ಮೇಲೊಂದು ಸಲ ವ್ಯಾಕ್ಸ್ ಹಚ್ಚಿದೆ. ಬಾನೆಟ್ಟಿನ ಮೇಲೆ ನೊಣ ಕೂತರೂ ಜಾರಬೇಕು, ಹಾಗಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಅದೇ ಕಾರು ಹಿಂದಿರುಗಿತು. ಬಾನೆಟ್ಟಿನ ಮೇಲೆ ಕೆಂಪು ನೀರು ಹರಿದು, ನಂಬರ್ ಪ್ಲೇಟಿನ ತನಕ ಇಳಿದಿತ್ತು. ಪೂಜಾರಿ ಎಷ್ಟು ಸಲ ಸ್ವಸ್ತಿಕ ಬರೆದರೂ ಹನಿ ಹನಿಯಾಗಿ ಒಡೆದು ಜಾರಿತಂತೆ. ನೀರು ನಿಲ್ಲಬಾರದೆಂದೇ ಹಚ್ಚುವ ವ್ಯಾಕ್ಸ್ ತನ್ನ ಕೆಲಸ ತಾನು ಮಾಡಿತ್ತು. ಅಜ್ಜಿಗೆ ಅದನ್ನು ಹೇಳುವವರು ಯಾರು? ಅವರು ಕಾರಿನಿಂದ ಇಳಿದು ನೆಲದ ಮೇಲೆ ಕೂತುಬಿಟ್ಟಿದ್ದರು.

"ಕುಂಕುಮ ನಿಲ್ಲಲಾರದ ಗಾಡಿ ನಮಗ ಬ್ಯಾಡ. ಇದರಾಗ ನನ್ನ ಮೊಮ್ಮಕ್ಕಳು ಕೂಡಂಗಿಲ್ಲ. ತಿರುಗಿ ಕೊಟ್ಟು ಬಾ" ಎಂದು ಮಗನಿಗೆ ಹೇಳುತ್ತಿದ್ದರು.

ನಾನು ವ್ಯಾಕ್ಸಿನ ಗುಣ ವಿವರಿಸಲು ಹೋದೆ. ಮಗ ಕೈ ಮುಗಿದ. "ಕಾಕಾ, ಸುಮ್ನಿರ್ರಿ. ಆಕಿಗಿ ಅದು ತಿಳಿಯಂಗಿಲ್ಲ." ಶಾಂಪೂ ಹಾಕಿ ಬಾನೆಟ್ಟು ತೊಳೆದೆ. ಕುಂಕುಮ ಹೋಯಿತು, ವ್ಯಾಕ್ಸ್ ಹೋಗಲಿಲ್ಲ. ಅಷ್ಟು ಚೆನ್ನಾಗಿ ಹಚ್ಚಿದ್ದೆ. ಸಾಹುಕಾರರು ಕುರ್ಚಿ ಬಿಟ್ಟು ಎದ್ದು ಬಂದರು.

ಆಗ ನಿಂಗಮ್ಮ ಬಟ್ಟೆಯ ಬುಟ್ಟಿ ಕೆಳಗಿಟ್ಟು ಬಂದಳು. ಅಜ್ಜಿಯ ಎದುರಿಗೆ ಕುಕ್ಕರಗಾಲಲ್ಲಿ ಕೂತು ತನ್ನ ಸೊಂಟದ ಸಂಚಿಯಿಂದ ಒಂದು ಪುಟ್ಟ ಡಬ್ಬಿ ತೆಗೆದಳು.

"ಆಯಿ, ನಿಮ್ಮ ಹಣಿ ಮ್ಯಾಲಿನ ಕುಂಕುಮ ಬೆವರಿಗಿ ಯಾಕ ಹರದಿಲ್ಲ ಹೇಳ್ರಿ?"

"ಮೇಣ ಹಚ್ಚೀನಲ್ಲ" ಎಂದರು ಅಜ್ಜಿ.

"ಈ ಗಾಡಿನೂ ಮನಿಗಿ ಹೊಸದಾಗಿ ಬಂದ ಸೊಸಿ ಇದ್ದಂಗ್ರಿ. ಸೊಸಿಗಿ ಬರೇ ನೀರ ಕುಂಕುಮ ಹಚ್ಚತಾರೇನು?"

ನಮ್ಮ ಕಡೆಯ ಹಿರಿಯ ಹೆಂಗಸರು ಹಣೆಗೆ ಮೊದಲು ಜೇನುಮೇಣ ಸವರಿ, ಅದರ ಮೇಲೆ ಒಣ ಕುಂಕುಮ ಒತ್ತುತ್ತಾರೆ. ಸಂಜೆಯವರೆಗೆ ಅಲುಗುವುದಿಲ್ಲ. ಅಜ್ಜಿ ಎದ್ದರು. ನಿಂಗಮ್ಮ ಡಬ್ಬಿ ಹಿಡಿದಳು, ಅಜ್ಜಿಯೇ ಉಂಗುರ ಬೆರಳಲ್ಲಿ ಮೇಣ ತೆಗೆದು ಬಾನೆಟ್ಟಿನ ಮೇಲೆ ಸ್ವಸ್ತಿಕ ಬರೆದರು, ಮೇಲೆ ಒಣ ಕುಂಕುಮ ಒತ್ತಿದರು. ನಿಂತಿತು. ಸಾಹುಕಾರರು ಮೇಲೆ ನೀರು ಚಿಮುಕಿಸಿದರು, ಆಗಲೂ ನಿಂತಿತು. ಇನ್ನೊಂದು ಮಾತು ನಿಮಗಾಗಿ ಹೇಳುತ್ತೇನೆ. ನೀರು ಕುಂಕುಮ ಬಿಸಿಲಿಗೆ ಒಣಗಿದರೆ ಬಿಳಿ ಪೇಂಟಿನಲ್ಲಿ ಗುಲಾಬಿ ಕಲೆ ಉಳಿಯುತ್ತದೆ. ಮೇಣದ ಮೇಲಿನ ಕುಂಕುಮ ಪೇಂಟಿಗೆ ತಾಗುವುದೇ ಇಲ್ಲ, ಒರೆಸಿದರೆ ಪೂರ್ತಿ ಬಿಟ್ಟುಬರುತ್ತದೆ. ಅಜ್ಜಿ ಮೊಮ್ಮಕ್ಕಳನ್ನು ಕೈಹಿಡಿದು ಹತ್ತಿಸಿದರು. ಹೋಗುವಾಗ ನಿಂಗಮ್ಮನ ಗಲ್ಲ ಮುಟ್ಟಿ ನೆಟಿಗೆ ಮುರಿದರು. ನನ್ನ ಕಡೆ ನೋಡಲಿಲ್ಲ.

ಸಾಹುಕಾರರು ಸಂಜೆ ಬಾಗಿಲು ಹಾಕುವಾಗ, "ಶರಣಪ್ಪ, ನಾಳಿಂದ ಕೊನೀ ಕೈ ನಿಂಗಮ್ಮಂದು. ನೀ ನೀರು ಒರಸೂದು ನೋಡಿಕೋ" ಎಂದರು. ಗುಟ್ಟಾಗಿಯಲ್ಲ, ಎಲ್ಲರ ಎದುರಿಗೆ.

ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಗುರುಬಾಯಿ ಕನ್ನಡಿಯ ಮುಂದೆ ನಿಂತಿದ್ದಳು. ಗೂಡಿನಿಂದ ಪುಟ್ಟ ಡಬ್ಬಿ ತೆಗೆದಳು, ಹಣೆಗೆ ಮೇಣ ಸವರಿದಳು, ಕುಂಕುಮ ಒತ್ತಿದಳು. ಮದುವೆಯಾದಂದಿನಿಂದ ಪ್ರತಿ ಬೆಳಿಗ್ಗೆ ನನ್ನ ಎದುರಿಗೇ ಇದನ್ನು ಮಾಡಿದ್ದಾಳೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಲ್ಲಿ ವ್ಯಾಕ್ಸ್ ಅಂದರೆ ನಾನೇ ಎಂದು ತಿರುಗಿದವನಿಗೆ ಮನೆಯ ಗೂಡಿನಲ್ಲಿದ್ದ ಮೇಣ ಕಂಡಿರಲಿಲ್ಲ.

"ನೀನರ ಹೇಳಬಾರದಾಗಿತ್ತೇನು?" ಎಂದು ರೇಗಿದೆ.

"ನೀವು ಯಾವತ್ತು ನನ್ನ ಹಣಿ ನೋಡೀರಿ? ಬರೇ ಕಾರಿನ ಹಣಿ ನೋಡ್ತೀರಿ" ಎಂದಳು. ಹಾಗೆಂದು ನಗಲೂ ಬೇಕೆ? ನಕ್ಕಳು.

ಮುಂದಿನ ವರ್ಷಗಳನ್ನು ನಾನು ನೀರು ಒರೆಸುತ್ತ ಕಳೆದೆ. ಒರೆಸುತ್ತ ಅವಳ ಕೆಲಸದಲ್ಲಿ ತಪ್ಪು ಹುಡುಕಿದೆ. ಒಮ್ಮೆ ಸಿಕ್ಕಿತು. ಬಾಗಿಲ ಹಿಡಿಯ ಗುಳಿಯಲ್ಲಿ ಬೆಳ್ಳಗೆ ಒಂದಿಷ್ಟು ವ್ಯಾಕ್ಸ್ ಉಳಿದಿತ್ತು. ಅದನ್ನು ಸಾಹುಕಾರರಿಗೆ ತೋರಿಸಿದೆ, ಪೈಪು ಹಿಡಿದವನಿಗೆ ತೋರಿಸಿದೆ, ಚಹಾದ ಅಂಗಡಿಯಲ್ಲೂ ಹೇಳಿದೆ. ಇಡೀ ದಿನ ಮೈ ಹಗುರವಾಗಿತ್ತು. ಮರುದಿನ ನಿಂಗಮ್ಮ ದೀಪದ ಬತ್ತಿ ಹೊಸೆದು ತಂದು, ಎಲ್ಲ ಹಿಡಿಗಳ ಗುಳಿಯನ್ನೂ ಬತ್ತಿಯಿಂದ ಒರೆಸಿದಳು. "ಅಣ್ಣಾ ಚಲೋ ಹೇಳಿದ್ರಿ" ಎಂದಳು. ಅಣಕಿಸಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳು ಖರೇನೇ ಹೇಳುತ್ತಿದ್ದಳು. ಅದಕ್ಕೇ ಇನ್ನಷ್ಟು ಉರಿಯಿತು.

ಅವಳ ಕೈ ನನಗೆ ಯಾಕೆ ಬರಲಿಲ್ಲ ಎಂದು ಬಹಳ ಯೋಚಿಸಿದ್ದೇನೆ. ನಾನು ಹೊಳಪನ್ನು ಉಜ್ಜಿ ತರಬೇಕು ಎಂದು ಕಲಿತವನು. ಅವಳು ಪೇಂಟಿನ ಮೇಲೆ ಇರಬಾರದ್ದನ್ನು ಹುಡುಕಿ ತೆಗೆಯುತ್ತಿದ್ದಳು, ಬೇಳೆಯಿಂದ ಕಲ್ಲು ತೆಗೆದ ಹಾಗೆ. ಕಾರಣ ತಿಳಿದರೆ ಹೊಟ್ಟೆಕಿಚ್ಚು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕೆಲಸ ಬಿಟ್ಟ ಮೇಲೆ ಜೇವರ್ಗಿಯಲ್ಲಿ ಶಾಲೆ ಕಲಿಸುವ ನನ್ನ ಮಗಳು ಸುವರ್ಣ ಒಂದು ಹಳೆಯ ಕಾರು ಕೊಂಡಳು, ಕಡುನೀಲಿ ಬಣ್ಣದ್ದು. "ಅಪ್ಪಾ, ಗಾಣಗಾಪುರಕ್ಕ ಹೋಗೂದದ. ಹೊಳಪು ನೀವೇ ಮಾಡಿಕೊಡ್ರಿ" ಎಂದಳು. ಆ ಮಾತು ಕೇಳಿ ಎಷ್ಟು ವರ್ಷವಾಗಿತ್ತು! ನಮ್ಮ ಮನೆಯ ಮುಂದಿನ ಬೇವಿನ ನೆರಳಿನಲ್ಲಿ ಗಾಡಿ ನಿಲ್ಲಿಸಿ, ಮೊಣಕಾಲಿನ ಕೆಳಗೆ ಗೋಣಿಚೀಲ ಹಾಕಿಕೊಂಡು, ಬೆಳಿಗ್ಗೆಯಿಂದ ಕೂತೆ. ಎರಡು ಸಲ ತೊಳೆದೆ. ಬಟ್ಟೆಯನ್ನು ಮಡಿಲಲ್ಲಿ ಹಾಕಿಕೊಂಡು ಬೆರಳಾಡಿಸಿ ಮರಳು ನೋಡಿದೆ. ಬಟ್ಟೆಯ ಮೇಲೆ ಹೊಡೆದು ಹಚ್ಚಿ, ತಿರುವಿ, ಒರೆಸಿದೆ. ಬಾಗಿಲ ಹಿಡಿಗೆ ಬತ್ತಿ ಹಾಕಿದೆ. ಯಾರಿಂದ ಕಲಿತದ್ದು ಎಂದು ಅಲ್ಲಿ ಕೇಳುವವರಿರಲಿಲ್ಲ.

ಗುರುಬಾಯಿ ನನಗೆ ಹೇಳದೆ ನಿಂಗಮ್ಮನನ್ನು ಕರೆದಿದ್ದಳು. ಅವಳೂ ಈಗ ಕೂದಲು ನೆರೆತು, ಕನ್ನಡಕ ಹಾಕಿಕೊಂಡು ಬಂದಳು. ಅವಳು ಗಾಡಿ ಸುತ್ತು ಹಾಕಿದಳು, ನಾನು ಮಾಲೀಕರ ಮುಂದೆ ಕೀಲಿ ಹಿಡಿದು ನಿಲ್ಲುತ್ತಿದ್ದ ಹಾಗೆ ನಿಂತೆ.

"ಭಾಳ ಚಂದ ಬಂದದ ಅಣ್ಣಾ" ಎಂದಳು. ಅಲ್ಲಿಗೇ ನಿಲ್ಲಿಸಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಪಕ್ಕದ ಕನ್ನಡಿಯ ಕೆಳಗೆ ಬಗ್ಗಿದಳು. "ಜರಾ ಬಟ್ಟಿ ಕೊಡ್ರಿ."

ಕೊಡುವುದಿಲ್ಲ ಎನ್ನಬಹುದಿತ್ತು. ಮಗಳು ನೋಡುತ್ತಿದ್ದಳು, ಕೊಟ್ಟೆ. ಅವಳು ಒಣ ಮಗ್ಗುಲು ತಿರುವಿ ಅಲ್ಲಿ ಒಂದು ಸಲ ಕೈಯಾಡಿಸಿ, ಬಟ್ಟೆಯನ್ನು ಮಡಚಿ ನನ್ನ ಕೈಗೇ ವಾಪಸು ಕೊಟ್ಟಳು. ಗುರುಬಾಯಿ ತನ್ನ ಡಬ್ಬಿ ತಂದಳು, ಹೆಂಗಸರು ಬಾನೆಟ್ಟಿಗೆ ಮೇಣ ಸವರಿ ಕುಂಕುಮ ಒತ್ತಿ, ಚಹಾ ಕುಡಿಯಲು ಒಳಗೆ ಹೋದರು. ನನ್ನ ಮಗಳ ಗಾಡಿಯ ಮೇಲೂ ಕೊನೆಯ ಕೈ ಅವಳದೇ ಆಗಿತ್ತು.

ಒಳಗೆ ಅವರ ನಗು ಕೇಳುತ್ತಿತ್ತು. ನಾನು ಬಾಟಲಿ ತೆಗೆದುಕೊಂಡು, ನೋವು ಕಚ್ಚಿಕೊಂಡು ಮೊಣಕಾಲೂರಿ, ಆ ಕನ್ನಡಿಯ ಕೆಳಗೆ ಬಗ್ಗಿದೆ. ಬಟ್ಟೆಗೆ ಒಂದಿಷ್ಟು ವ್ಯಾಕ್ಸ್ ಹೊಡೆದು ಅವಳು ಒರೆಸಿದ ಜಾಗವನ್ನೇ ಮತ್ತೆ ಒರೆಸಿದೆ, ಕೊನೆಯ ಕೈ ನನ್ನದಾಗಲಿ ಎಂದು. ಬಟ್ಟೆ ಸುಮ್ಮನೆ ಜಾರಿತು. ಅಲ್ಲಿ ನನಗೆ ಒರೆಸಲು ಏನೂ ಉಳಿದಿರಲಿಲ್ಲ.